ಗೇಟಿನ ಆಚೆ ಯಾರ ಜಾಗ?

ಅಪ್ಪನಿಗೆ ಸ್ಟ್ರೋಕ್ ಆಗಿ ಒಂದೂವರೆ ವರ್ಷ ಆಯ್ತು. ಈ ಅಂಕಣ ತಪ್ಪದೆ ಓದುವವರಿಗೆ ಅದು ಹೊಸ ಸುದ್ದಿ ಅಲ್ಲ, ಹಿಂದೆ ಬರೆದಿದ್ದೆ. ಮಾತು ಪೂರ್ತಿ ವಾಪಸ್ ಬಂದಿದೆ. ಸ್ವಲ್ಪ ಜಾಸ್ತಿನೇ ಬಂದಿದೆ ಅಂತಾರೆ ಅಮ್ಮ. ಎಡಗೈ ಪರವಾಗಿಲ್ಲ. ಎಡಗಾಲು ಮಾತ್ರ ಇನ್ನೂ ಹೇಳಿದ ಮಾತು ಕೇಳಲ್ಲ. ಮನೆಯೊಳಗೆ ಗೋಡೆ ಹಿಡ್ಕೊಂಡು, ಹೊರಗೆ ವಾಕರ್ ಹಿಡ್ಕೊಂಡು ಓಡಾಡ್ತಾರೆ.

ಜೂನ್‌ನಲ್ಲಿ ಅವರಿಗೆ ಯುಡಿಐಡಿ ಕಾರ್ಡ್ ಮಾಡಿಸೋಣ ಅಂತ ಹೊರಟ್ವಿ. ಗೊತ್ತಿಲ್ಲದವರಿಗೆ ಹೇಳ್ತೀನಿ, ಅದು ಅಂಗವೈಕಲ್ಯ ಇರುವವರಿಗೆ ಸರ್ಕಾರ ಕೊಡುವ ಗುರುತಿನ ಚೀಟಿ. ಅರ್ಜಿಯನ್ನೇನೋ ಆನ್‌ಲೈನ್‌ನಲ್ಲಿ ಹಾಕಬಹುದು. ಆದರೆ ಡಾಕ್ಟರ್ ಎದುರಿಗೆ ಕೂರಿಸಿ ನೋಡಿ, ಶೇಕಡಾ ಎಷ್ಟು ಅಂತ ಬರೆಯಬೇಕು. ಅಪ್ಪನಿಗೆ ಆ ಕಾರ್ಡ್ ಬೇಕಿದ್ದದ್ದು ಒಂದೇ ಒಂದು ಕಾರಣಕ್ಕೆ: ರಿಯಾಯಿತಿ ಬಸ್ ಪಾಸ್. ಪಾಸಿನ ದುಡ್ಡು ಉಳಿಯುತ್ತೆ ಅಂತಲ್ಲ. ವಾರಕ್ಕೆರಡು ಸಲ ಫಿಸಿಯೋಥೆರಪಿಗೆ ಅಮ್ಮನನ್ನು ಎಳ್ಕೊಂಡು ಹೋಗಬೇಕಲ್ಲ, ಅದು ಅವರಿಗೆ ಮುಜುಗರ. ಅಮ್ಮನಿಗೂ ಮಂಡಿ ನೋವು. "ಪಾಸ್ ಒಂದಿದ್ರೆ ನಮ್ಮ ಬೀದಿ ಕೊನೇಲಿ ಬಸ್ ಹತ್ತಿ ಆಸ್ಪತ್ರೆ ಸ್ಟಾಪಲ್ಲಿ ಇಳಿದುಬಿಡ್ತೀನಿ, ಯಾರೂ ಬೇಡ" ಅಂತ ಲೆಕ್ಕ ಹಾಕಿದ್ರು.

ನಮ್ಮೂರು ಜಿಲ್ಲಾ ಕೇಂದ್ರ. ಹೆಸರು ಬೇಡ. ನಿಮ್ಮೂರಿನ ಹೆಸರು ಹಾಕಿಕೊಂಡು ಓದಿದರೂ ಹೆಚ್ಚು ಕಮ್ಮಿ ಆಗಲ್ಲ. ದೊಡ್ಡ ಸರ್ಕಾರಿ ಆಸ್ಪತ್ರೆ, ಮುಂದೆ ನಾಲ್ಕು ಪಥದ ರಸ್ತೆ, ಮಧ್ಯೆ ಡಿವೈಡರ್. ಅಂಗವೈಕಲ್ಯದ ತಪಾಸಣೆ ಬುಧವಾರ ಮಾತ್ರ. ನಾನು ಮಂಗಳವಾರ ರಾತ್ರಿ ಬಸ್ಸಿಗೆ ಬೆಂಗಳೂರಿಂದ ಹೊರಟು ಬೆಳಗ್ಗೆ ಇಳಿದೆ, ಒಂದು ದಿನ ರಜೆ.

ಗೇಟ್ ಮುಂದೆ ಆಟೋ ನಿಲ್ಲಿಸೋ ಹಾಗಿಲ್ಲ, ಆಂಬುಲೆನ್ಸ್‌ಗೆ ದಾರಿ ಬಿಡಬೇಕು. ಅದು ಸರಿಯೇ. ಆಟೋದವರು ಬಸ್ ಸ್ಟಾಪ್ ಹತ್ರ ಇಳಿಸಿದ್ರು. ಅಲ್ಲಿಂದ ಗೇಟಿಗೆ ಫೋನಿನ ಮ್ಯಾಪ್ ಪ್ರಕಾರ 190 ಮೀಟರ್, 3 ನಿಮಿಷ.

ನಮಗೆ ಹಿಡಿದದ್ದು 26 ನಿಮಿಷ.

ಮೊದಲನೇದಾಗಿ ಫುಟ್‌ಪಾತ್ ಹತ್ತೋಕೇ ಆಗಲಿಲ್ಲ. ಮೊಣಕಾಲೆತ್ತರ ಇದೆ. ವಾಕರ್ ನಾನು ಎತ್ತಿ ಮೇಲಿಟ್ಟೆ, ಅಪ್ಪನ್ನ ಇನ್ಯಾರೋ ಪುಣ್ಯಾತ್ಮರು ಕಂಕುಳಿಗೆ ಕೈ ಕೊಟ್ಟು ಹತ್ತಿಸಿದ್ರು. ಹತ್ತು ಹೆಜ್ಜೆ ಆದ ಮೇಲೆ ಒಂದು ಚಪ್ಪಡಿ ಇಲ್ಲ, ಕೆಳಗೆ ಚರಂಡಿ ಕಾಣುತ್ತೆ. ಇಳಿದ್ವಿ. ಮತ್ತೆ ಹತ್ತಿದ್ವಿ. ಆಮೇಲೆ ಟ್ರಾನ್ಸ್‌ಫಾರ್ಮರ್, ಅದರ ಸುತ್ತ ಕಬ್ಬಿಣದ ಬೇಲಿ, ಕಾಂಪೌಂಡಿನಿಂದ ರಸ್ತೆ ಅಂಚಿನ ತನಕ. ಇಳಿದ್ವಿ. ಅದು ದಾಟಿದರೆ ಸಾಲಾಗಿ ಬೈಕು. ಆಸ್ಪತ್ರೆ ಸಿಬ್ಬಂದಿಯದ್ದೇ, ಟ್ಯಾಗ್ ಹಾಕ್ಕೊಂಡವರೇ ಬಂದು ನಿಲ್ಲಿಸ್ತಿದ್ರು. ಅದಾದ ಮೇಲೆ ಔಟ್‌ಪೋಸ್ಟ್ ಪೊಲೀಸರು ಹಿಡಿದಿಟ್ಟ ಒಂದು ತುಕ್ಕು ಹಿಡಿದ ಓಮ್ನಿ, ಒಳಗೆ ಗಿಡ ಬೆಳೆದಿದೆ. ಮತ್ತೆ ಒಂದು ಇಡ್ಲಿ ಗಾಡಿ, ಒಂದು ಎಳನೀರು, ಒಂದು ಬಾಳೆಹಣ್ಣು. ಕೊನೆಗೆ ಆಸ್ಪತ್ರೆಯ ಸ್ವಾಗತ ಕಮಾನು. ಅದರ ಕಂಬ ಎಲ್ಲಿ ನಿಂತಿದೆ ಹೇಳಿ? ಫುಟ್‌ಪಾತಿನ ನಟ್ಟನಡುವೆ.

ಒಟ್ಟು ಏಳು ಸಲ ಇಳಿದು ಹತ್ತಿದ್ವಿ. ನಾಲ್ಕನೇ ಸಲ ಆದ ಮೇಲೆ ಅಪ್ಪ "ರಸ್ತೇಲೇ ಹೋಗೋಣ ಕಣಮ್ಮ" ಅಂದ್ರು. ಹಿಂದಿನಿಂದ ಬಸ್ಸಿನವನು ಹಾರ್ನ್ ಬಾರಿಸಿದ. ಅಪ್ಪ ಬೆಚ್ಚಿ ವಾಕರ್ ಬಿಟ್ಟರು, ನಾನು ಹಿಡ್ಕೊಂಡೆ. ಬೀಳಲಿಲ್ಲ. ಆದರೆ ಆ ಕ್ಷಣದಲ್ಲಿ ಅವರ ಮುಖ ನೋಡಿದೆ. ಒಬ್ಬರೇ ಬಸ್ಸಲ್ಲಿ ಬರ್ತೀನಿ ಅನ್ನೋ ಲೆಕ್ಕ ಅಲ್ಲೇ ಮುಗಿದುಹೋಗಿತ್ತು.

ಒಳಗೆ ಹೋದರೆ, ನಂಬಿ, ಒಳ್ಳೇ ರ್‍ಯಾಂಪ್ ಇದೆ. ಎರಡೂ ಕಡೆ ಸ್ಟೀಲ್ ಕಂಬಿ, ಜಾರದ ಟೈಲ್ಸ್, ನೀಲಿ ಬೋರ್ಡಿನಲ್ಲಿ ಗಾಲಿಕುರ್ಚಿ ಚಿತ್ರ. ವೈದ್ಯರೂ ತುಂಬಾ ಚೆನ್ನಾಗಿ ನೋಡಿದ್ರು. ಸಾಲಿನಲ್ಲಿ ನಮ್ಮ ಮುಂದೆ ಪೋಲಿಯೋ ಆದ ಒಬ್ಬ ಹೆಂಗಸು, ಊರುಗೋಲಿನ ಒಬ್ಬ ಹುಡುಗ, ಹತ್ತು ಹನ್ನೆರಡು ವರ್ಷದ ಮಗನನ್ನ ಸೊಂಟದ ಮೇಲೆ ಕೂರಿಸಿಕೊಂಡ ಒಬ್ಬ ತಾಯಿ. ಆ ತಾಯಿಯನ್ನ ಕೇಳಿದೆ, ಹೇಗೆ ಬಂದ್ರಿ ಅಂತ. "ರಸ್ತೇಲೇ ಬಂದ್ವಿ ಕಣಕ್ಕ. ಆ ಕಲ್ಲಿನ ಮೇಲೆ ಇವನ್ನ ಎತ್ಕೊಂಡು ಯಾರು ಹತ್ತಾರೆ?"

ನಡೆಯೋಕೆ ಆಗಲ್ಲ ಅಂತ ಸರ್ಟಿಫಿಕೇಟ್ ಕೊಡೋ ಕಟ್ಟಡ. ಅಲ್ಲಿಗೆ ಬರಬೇಕು ಅಂದ್ರೆ ಚೆನ್ನಾಗಿ ನಡೆಯೋಕೆ ಬರಬೇಕು.

ಭಾನುವಾರ ನಾನು ಮತ್ತೆ ಹೋದೆ, ಅಪ್ಪನ ಹಳೇ ಟೇಪ್ ತಗೊಂಡು. ಇಂಡಿಯನ್ ರೋಡ್ಸ್ ಕಾಂಗ್ರೆಸ್ ಅಂತ ಒಂದು ಸಂಸ್ಥೆ ಇದೆ, ದೇಶದ ರಸ್ತೆಗಳ ಅಳತೆ ಕಟ್ಟಳೆ ಎಲ್ಲ ಬರೆಯೋದು ಅದೇ. ಅದರ ಪಾದಚಾರಿ ಮಾರ್ಗಸೂಚಿ, ಐಆರ್‌ಸಿ 103 ಅಂತ ಹೆಸರು, ಏನು ಹೇಳುತ್ತೆ ಅಂದ್ರೆ ಫುಟ್‌ಪಾತಿನ ಎತ್ತರ ರಸ್ತೆಯಿಂದ 150 ಮಿಲಿಮೀಟರ್ ಮೀರಬಾರದು. ಅಂದ್ರೆ 15 ಸೆಂಟಿಮೀಟರ್, ಒಂದು ಗೇಣಿಗಿಂತ ಕಮ್ಮಿ. ಅಡ್ಡಿ ಇಲ್ಲದ ಅಗಲ ಕನಿಷ್ಠ 1.8 ಮೀಟರ್ ಇರಬೇಕು, ಎರಡು ಗಾಲಿಕುರ್ಚಿ ಎದುರು ಬದುರು ಬಂದರೂ ದಾಟುವಷ್ಟು. ನಮ್ಮ ಆಸ್ಪತ್ರೆ ಮುಂದೆ ಎತ್ತರ ಒಂದು ಕಡೆ 38 ಸೆಂಟಿಮೀಟರ್, ಇನ್ನೊಂದು ಕಡೆ 44. ಕಮಾನಿನ ಕಂಬದ ಪಕ್ಕ ಉಳಿದ ಅಗಲ 51. ಅಪ್ಪನ ವಾಕರ್ 60.

ಯಾಕೆ ಇಷ್ಟು ಎತ್ತರ ಅಂತ ನನಗೆ ಯಾವಾಗಲೂ ಅನ್ನಿಸ್ತಿತ್ತು. ಉತ್ತರ ಕೊಟ್ಟವರು ನಗರಸಭೆಯ ಒಬ್ಬ ಎಂಜಿನಿಯರ್. ಫೋನಲ್ಲಿ ನಾನು ಫುಟ್‌ಪಾತ್ ಫುಟ್‌ಪಾತ್ ಅಂತ ನಾಲ್ಕು ಸಲ ಅಂದ ಮೇಲೆ, ಪಾಪ ತಾಳ್ಮೆಯಿಂದಲೇ ಹೇಳಿದ್ರು: "ಮೇಡಂ, ಅದು ಫುಟ್‌ಪಾತ್ ಅಲ್ಲ. ಡ್ರೈನ್ ಕವರ್."

ಅಷ್ಟೇ ಕಣ್ರೀ ವಿಷಯ. ನಮ್ಮ ಊರುಗಳಲ್ಲಿ ಫುಟ್‌ಪಾತ್ ಅಂತ ಯಾರೂ ಕಟ್ಟೋದೇ ಅಪರೂಪ. ಚರಂಡಿ ಕಟ್ಟುತ್ತಾರೆ, ಮೇಲೆ ಚಪ್ಪಡಿ ಮುಚ್ಚುತ್ತಾರೆ, ಜನ ಅದರ ಮೇಲೆ ನಡೀತಾರೆ. ಚರಂಡಿ ನೀರಿನ ಲೆಕ್ಕಕ್ಕೆ ಎಷ್ಟು ಎತ್ತರ ಬೇಕೋ ಅಷ್ಟು ಎತ್ತರ. ಕಾಲಿನ ಲೆಕ್ಕ ಯಾವ ಎಸ್ಟಿಮೇಟಿನಲ್ಲೂ ಇರಲ್ಲ. ಹೂಳೆತ್ತೋಕೆ ಬಂದವರು ಒಂದು ಚಪ್ಪಡಿ ಎತ್ತಿ ಪಕ್ಕಕ್ಕಿಟ್ಟು ಹೋದರೆ ಅವರ ಲೆಕ್ಕದಲ್ಲಿ ತಪ್ಪೇನೂ ಇಲ್ಲ, ಚರಂಡಿ ಕೆಲಸ ಮಾಡ್ತಾ ಇದೆಯಲ್ಲ!

ಹಾಗಾದ್ರೆ ಜವಾಬ್ದಾರಿ ಯಾರದ್ದು? ಆಸ್ಪತ್ರೆ ಆಡಳಿತ ಕಚೇರಿ: "ಕಾಂಪೌಂಡ್ ಒಳಗಿಂದು ನಮ್ದು, ಹೊರಗಿಂದು ನಗರಸಭೆ." ನಗರಸಭೆ: "ಅದು ಹೈವೇ ಮೇಡಂ, ರಸ್ತೆ ಲೋಕೋಪಯೋಗಿಯವರದ್ದು, ಚರಂಡಿ ಮಾತ್ರ ನಮ್ಮದು." ಲೋಕೋಪಯೋಗಿ: "ಡಾಂಬರ್ ಎಲ್ಲಿವರೆಗೆ ಇದೆಯೋ ಅಲ್ಲಿವರೆಗೆ ನಾವು." ಕರೆಂಟ್ ಆಫೀಸು: "ಟ್ರಾನ್ಸ್‌ಫಾರ್ಮರ್‌ಗೆ ಆಸ್ಪತ್ರೆಯವರೇ ಒಳಗೆ ಜಾಗ ಕೊಡಲಿಲ್ಲ, ಹೊರಗೆ ಹಾಕಿದ್ವಿ." ಎಲ್ಲರೂ ಮರ್ಯಾದೆಯಿಂದಲೇ ಮಾತಾಡಿದ್ರು. ಯಾರೂ ಸುಳ್ಳು ಹೇಳಿದ್ರು ಅಂತಲೂ ನನಗೆ ಅನ್ನಿಸಲ್ಲ.

ನನ್ನ ಚಿಕ್ಕಪ್ಪನ ಮಗ ನ್ಯೂಯಾರ್ಕಿನಲ್ಲಿದ್ದಾನೆ. ಈ ಕಥೆ ಕೇಳಿ ನಕ್ಕ. ಅಲ್ಲಿ 2003ರಿಂದ ಕಟ್ಟಡದ ಮುಂದಿನ ಫುಟ್‌ಪಾತ್ ಸರಿ ಇಲ್ಲದೆ ಯಾರಾದ್ರೂ ಬಿದ್ದರೆ ಹೆಚ್ಚಿನ ಕಡೆ ಕಟ್ಟಡದ ಮಾಲೀಕನೇ ಹೊಣೆ. ಮಾಲೀಕನೇ ವಾಸ ಇರೋ ಸಣ್ಣ ಮನೆಗಳಿಗೆ ಮಾತ್ರ ವಿನಾಯಿತಿ. ಹಿಮ ಬಿದ್ದರೆ ಬೆಳಗ್ಗೆ ಎದ್ದು ಸಲಿಕೆ ಹಿಡೀಬೇಕು. ಇದು ಒಳ್ಳೇ ಪದ್ಧತಿಯೋ ಅಲ್ವೋ ಅನ್ನೋದು ಬೇರೆ ಮಾತು, ಬಡ ಬೀದಿಯ ಫುಟ್‌ಪಾತ್ ಬಡವಾಗೇ ಇರುತ್ತೆ ಅಂತ ನನಗೆ ಅನುಮಾನ. ನಮ್ಮ ಕಾನೂನು ಹಾಗಿಲ್ಲ. ಇಲ್ಲಿ ಸಾರ್ವಜನಿಕ ಬೀದಿಗಳು ಸ್ಥಳೀಯ ಸಂಸ್ಥೆಯ ಸುಪರ್ದಿ. 1964ರ ಕರ್ನಾಟಕ ಪೌರಸಭೆಗಳ ಅಧಿನಿಯಮ ಅದನ್ನ ಹೇಳುತ್ತೆ. ಬೀದಿ ಕಟ್ಟೋದು, ದುರಸ್ತಿ ಮಾಡೋದು, ಬೀದಿಯಲ್ಲಿನ ಅಡ್ಡಿ ತೆಗೆಯೋದು ಪುರಸಭೆ ನಗರಸಭೆಗಳ ಕಡ್ಡಾಯ ಕರ್ತವ್ಯ, ಮನಸ್ಸಿದ್ದರೆ ಮಾಡೋ ಕೆಲಸ ಅಲ್ಲ. ಮಹಾನಗರ ಪಾಲಿಕೆಗಳಿಗೆ 1976ರ ಬೇರೆ ಕಾಯ್ದೆ ಇದೆ, ಸಾರ ಅದೇ.

ಆದರೆ ಸರ್ಕಾರಿ ಕಟ್ಟಡದ ವಿಷಯದಲ್ಲಿ ನನಗೆ ನ್ಯೂಯಾರ್ಕಿನ ಲೆಕ್ಕವೇ ಹಿಡಿಸೋದು. ಕಾಂಪೌಂಡಿನ ಒಳಗೆ ಸರ್ಕಾರ, ಹೊರಗೆ ಸರ್ಕಾರ, ಕೆಳಗಿನ ಚರಂಡಿ ಸರ್ಕಾರ, ಮೇಲಿನ ತಂತಿ ಸರ್ಕಾರದ್ದೇ ಕಂಪನಿ. ನಮ್ಮ ಮನೆ ಮುಂದೆ ಆದರೆ ಮಾಲೀಕರು ಯಾರು, ಒತ್ತುವರಿ ಯಾರದ್ದು, ಕೋರ್ಟಲ್ಲಿ ತಡೆ ಇದೆ ಅಂತೆಲ್ಲ ನೆಪ ಇರುತ್ತೆ. ಇಲ್ಲಿ ಒಂದಿಂಚು ಜಾಗವೂ ಖಾಸಗಿಯವರದ್ದಲ್ಲ. ನಾಲ್ಕು ಅಧಿಕಾರಿಗಳು ಒಂದು ಟೇಬಲ್ ಸುತ್ತ ಕೂತರೆ ಮುಗಿಯೋ ಕೆಲಸ. ಇಲ್ಲೇ ಆಗದಿದ್ದರೆ ಇನ್ನೆಲ್ಲಿ ಆಗುತ್ತೆ ಹೇಳಿ?

ಕೋರ್ಟುಗಳು ಹೇಳೋದನ್ನೆಲ್ಲ ಹೇಳಿ ಮುಗಿಸಿವೆ. 2019ರ ಜುಲೈನಲ್ಲಿ ಬೆಂಗಳೂರಿನ ರಸ್ತೆಗುಂಡಿಗಳ ಕೇಸಿನಲ್ಲಿ ಕರ್ನಾಟಕ ಹೈಕೋರ್ಟ್, ಸರಿಯಾದ ಸ್ಥಿತಿಯಲ್ಲಿರುವ ರಸ್ತೆ ಮತ್ತು ಫುಟ್‌ಪಾತ್ ನಾಗರಿಕರ ಮೂಲಭೂತ ಹಕ್ಕು ಅಂದಿತು. ಆಗ ಮುಖ್ಯ ನ್ಯಾಯಮೂರ್ತಿ ಅಭಯ್ ಓಕಾ. ಅವರೇ ಮುಂದೆ ಸುಪ್ರೀಂ ಕೋರ್ಟಿಗೆ ಹೋದ್ರು. 2025ರ ಮೇ 14ರಂದು, ನಿವೃತ್ತಿಗೆ ಕೆಲವೇ ದಿನ ಇರುವಾಗ, ಅವರಿದ್ದ ಪೀಠ ಇದೇ ಮಾತನ್ನ ಇಡೀ ದೇಶಕ್ಕೆ ಹೇಳಿತು: ಪಾದಚಾರಿಗೆ ಫುಟ್‌ಪಾತ್ ಸಂವಿಧಾನದ 21ನೇ ವಿಧಿಯ ಹಕ್ಕು, ಅದು ಅಂಗವಿಕಲರಿಗೂ ಬಳಸೋ ಹಾಗಿರಬೇಕು, ಒತ್ತುವರಿ ತೆಗೆಯಬೇಕು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಂತೂ ಗಡುವೇ ಇತ್ತು. ಇರುವ ಸಾರ್ವಜನಿಕ ಕಟ್ಟಡಗಳನ್ನೆಲ್ಲ ನಿಯಮ ಬಂದ 5 ವರ್ಷದೊಳಗೆ ಎಲ್ಲರೂ ಬಳಸುವಂತೆ ಮಾಡಬೇಕು. ನಿಯಮ ಬಂದದ್ದು 2017ರ ಜೂನ್. ಗಡುವು 2022ರ ಜೂನ್‌ಗೆ ಮುಗಿದಿದೆ.

ನಮ್ಮ ಆಸ್ಪತ್ರೆಯನ್ನ ಕೇಳಿದರೆ ಅವರು ಗಡುವು ಪಾಲಿಸಿದ್ದಾರೆ. ರ್‍ಯಾಂಪ್ ಇದೆಯಲ್ಲ! ಕಟ್ಟಡ ಅಂದ್ರೆ ಗೇಟಿನಿಂದ ಒಳಗೆ ಅಂತ ಎಲ್ಲರೂ ತಿಳ್ಕೊಂಡಿದ್ದಾರೆ. ರೋಗಿ ಗೇಟಿನ ತನಕ ಹಾರಿ ಬರ್ತಾನೆ.

ಈಗ ನಾನು ಮಾಡಿದ ತಪ್ಪಿನ ಕಥೆ.

ಬೆಂಗಳೂರಿಗೆ ವಾಪಸ್ ಬಂದು, ಫೋಟೋ, ಅಳತೆ ಎಲ್ಲ ಸೇರಿಸಿ ಒಂದು ದೂರು ಬರೆದೆ. ಆನ್‌ಲೈನಲ್ಲೇ ನಗರಸಭೆಗೆ ಕಳಿಸಿದೆ. ಬುದ್ಧಿವಂತಿಕೆ ಮಾಡಿ ವಿಷಯದ ಸಾಲಿನಲ್ಲಿ "ಫುಟ್‌ಪಾತ್ ಒತ್ತುವರಿ ಕುರಿತು" ಅಂತ ಹಾಕಿದೆ. ಸುಪ್ರೀಂ ಕೋರ್ಟ್ ಬಳಸಿದ ಪದ, ತೂಕ ಇರುತ್ತೆ ಅಂತ. ದೂರಿನಲ್ಲಿ ಹೇಳಿದ ಕ್ರಮ ಇದು: ಚಪ್ಪಡಿ, ಎತ್ತರ, ಟ್ರಾನ್ಸ್‌ಫಾರ್ಮರ್, ಕಮಾನಿನ ಕಂಬ, ಸಿಬ್ಬಂದಿ ಬೈಕು, ಪೊಲೀಸರ ಓಮ್ನಿ. ಗಾಡಿಗಳ ಬಗ್ಗೆ ಒಂದು ಸಾಲು ಬರೆದಿದ್ದೆ, "ವ್ಯಾಪಾರಿಗಳಿಗೂ ಸೂಕ್ತ ಜಾಗ ಗುರುತಿಸಿ" ಅಂತ.

ನಾಲ್ಕೇ ದಿನ. ಇಷ್ಟು ಬೇಗ ಕೆಲಸ ಆಗುತ್ತೆ ಅಂತ ನನಗೇ ಆಶ್ಚರ್ಯ. ಅಮ್ಮ ಫೋನ್ ಮಾಡಿದ್ರು: ಬೆಳಗ್ಗೆ ಟ್ರ್ಯಾಕ್ಟರ್ ಬಂದು ಇಡ್ಲಿ ಗಾಡಿ, ಎಳನೀರು ಗಾಡಿ, ಬಾಳೆಹಣ್ಣಿನ ಗಾಡಿ ಎಲ್ಲ ಎತ್ಕೊಂಡು ಹೋಗಿದ್ದಾರೆ. ಓಮ್ನಿ ಅಲ್ಲೇ ಇದೆ. ಬೈಕು ಅಲ್ಲೇ ಇದೆ. ಖಾಲಿಯಾದ ಇಡ್ಲಿ ಗಾಡಿ ಜಾಗದಲ್ಲಿ ಇನ್ನೂ ಎರಡು ಬೈಕು ಬಂದಿದೆ. ನನ್ನ ದೂರಿಗೆ "ಪರಿಹರಿಸಲಾಗಿದೆ" ಅಂತ ಎಸ್ಸೆಮ್ಮೆಸ್ ಬಂತು.

ಆ ಇಡ್ಲಿ ಅಕ್ಕ ಅಲ್ಲಿ ನಿಲ್ಲೋದು ಯಾಕೆ ಅಂತ ಆಸ್ಪತ್ರೆಯಲ್ಲಿ ಒಂದು ರಾತ್ರಿ ಕಳೆದ ಯಾರಿಗೆ ಬೇಕಾದ್ರೂ ಗೊತ್ತು. ಬೆಳಗ್ಗೆ ಆರಕ್ಕೆ ರೋಗಿ ಕಡೆಯವರಿಗೆ ಬಿಸಿ ಏನಾದ್ರೂ ಸಿಗೋದು ಅಲ್ಲೇ. ಅಪ್ಪ ಅಡ್ಮಿಟ್ ಆಗಿದ್ದಾಗ ಹನ್ನೊಂದು ದಿನ ನಾವು ತಿಂದದ್ದೂ ಅವರ ಕೈಯ ಇಡ್ಲಿನೇ. ಬೀದಿ ವ್ಯಾಪಾರಿಗಳಿಗೂ 2014ರ ಕಾಯ್ದೆ ಇದೆ. ಮೊದಲು ಸಮೀಕ್ಷೆ ಮಾಡಬೇಕು, ಅದು ಮುಗಿಯೋ ತನಕ ಎಬ್ಬಿಸೋ ಹಾಗಿಲ್ಲ. ಪ್ರಮಾಣಪತ್ರ ಇದ್ದವರನ್ನ ಜಾಗ ಬದಲಿಸಬೇಕಾದರೂ 30 ದಿನದ ನೋಟಿಸ್ ಕೊಡಬೇಕು. ಇದನ್ನೆಲ್ಲ ನಾನು ಓದಿದ್ದು ಟ್ರ್ಯಾಕ್ಟರ್ ಬಂದು ಹೋದ ಮೇಲೆ.

ಅಪ್ಪ ಎರಡು ದಿನ ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ. ಮೂರನೇ ದಿನ ಅವರೇ ಫೋನ್ ಮಾಡಿ ಕೇಳಿದ್ರು, "ನನಗೆ ಅಡ್ಡ ಬಂದಿದ್ದು ಆ ಹೆಂಗಸಾ?"

ಅಲ್ಲ ಅಪ್ಪ ಅಂದೆ.

"ಮತ್ತೆ?"

ಮತ್ತೆ ಏನು ಹೇಳೋದು. ಒತ್ತುವರಿ ಅನ್ನೋ ಪದ ನಮ್ಮ ಕಚೇರಿಗಳ ಕಿವಿಗೆ ಬಿದ್ದ ತಕ್ಷಣ ಅವರಿಗೆ ಕಾಣೋದು ತಳ್ಳುಗಾಡಿ. ಚಕ್ರ ಇದೆ, ಎಳೆಯೋಕೆ ಸುಲಭ, ಗಾಡಿಯವರು ಜಗಳ ಆಡಿದರೂ ಗೆಲ್ಲಲ್ಲ. ನಿಜವಾಗಿ ಫುಟ್‌ಪಾತ್ ತಿಂದಿದ್ದು ಟ್ರಾನ್ಸ್‌ಫಾರ್ಮರ್, ಕಂಬ, ಜಪ್ತಿ ವಾಹನ. ಮೂರೂ ಸರ್ಕಾರದ್ದೇ. ಅದಕ್ಕೆ ಟ್ರ್ಯಾಕ್ಟರ್ ಕಳಿಸೋರು ಯಾರು? ನೀವೇ ಒಂದು ಸಲ ನಿಮ್ಮ ಊರಿನ ತಾಲ್ಲೂಕು ಕಚೇರಿ, ಪೊಲೀಸ್ ಠಾಣೆ, ಕೋರ್ಟ್ ಸುತ್ತ ನಡೆದು ನೋಡಿ, ಫುಟ್‌ಪಾತ್ ಮೇಲೆ ಇರೋ ವಸ್ತುಗಳಲ್ಲಿ ಸರ್ಕಾರದ್ದು ಎಷ್ಟು, ಜನರದ್ದು ಎಷ್ಟು ಅಂತ.

ಎರಡನೇ ಸಲ ನಾನು ದೂರು ಕೊಡಲಿಲ್ಲ. ಪ್ರಶ್ನೆ ಕೇಳಿದೆ. ಮಾಹಿತಿ ಹಕ್ಕು ಅರ್ಜಿ, 10 ರೂಪಾಯಿ ಪೋಸ್ಟಲ್ ಆರ್ಡರ್. ನಮ್ಮ ರಾಜ್ಯದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದ ಮೀರೋ ಹಾಗಿಲ್ಲ. ಆಫೀಸಿನಲ್ಲಿ ದಿನಾ ಉದ್ದುದ್ದ ಮೇಲ್ ಬರೆಯೋ ನನಗೆ ಅದು ಒಳ್ಳೇ ಅಭ್ಯಾಸ ಆಯ್ತು. ಕೇಳಿದ್ದು ಇಷ್ಟೇ: ಆಸ್ಪತ್ರೆ ಗೇಟಿನಿಂದ ಬಸ್ ನಿಲ್ದಾಣದವರೆಗಿನ ನಡಿಗೆ ದಾರಿ ಯಾವ ಕಚೇರಿಯ ವಹಿಯಲ್ಲಿದೆ, ಮೂರು ವರ್ಷದಲ್ಲಿ ಅದರ ದುರಸ್ತಿಗೆ ಎಷ್ಟು ಖರ್ಚಾಗಿದೆ, ಟ್ರಾನ್ಸ್‌ಫಾರ್ಮರ್‌ಗೂ ಕಮಾನಿನ ಕಂಬಕ್ಕೂ ಅನುಮತಿ ಕೊಟ್ಟ ಪತ್ರದ ಪ್ರತಿ.

ಈ ಕಾಯ್ದೆಯಲ್ಲಿ ನನಗೆ ತುಂಬಾ ಇಷ್ಟವಾದ ಒಂದು ಸೆಕ್ಷನ್ ಇದೆ, 6(3). ಅರ್ಜಿ ಬಂದ ಕಚೇರಿಗೆ ಆ ಮಾಹಿತಿ ಸೇರಿದ್ದಲ್ಲದಿದ್ದರೆ "ನಮ್ಮದಲ್ಲ" ಅಂತ ವಾಪಸ್ ಕಳಿಸೋ ಹಾಗಿಲ್ಲ. ಯಾರದ್ದೋ ಅವರಿಗೆ 5 ದಿನದೊಳಗೆ ವರ್ಗಾಯಿಸಬೇಕು, ನಮಗೂ ತಿಳಿಸಬೇಕು. ಫೋನಿನಲ್ಲಾದರೆ ನಾನು ಕಚೇರಿಯಿಂದ ಕಚೇರಿಗೆ ಅಲೆಯಬೇಕಿತ್ತು. ಈಗ ಅರ್ಜಿಯೇ ಅಲೆಯಿತು. ನಗರಸಭೆಯಿಂದ ಲೋಕೋಪಯೋಗಿಗೆ, ಅಲ್ಲಿಂದ ಒಂದು ಭಾಗ ಕರೆಂಟ್ ಆಫೀಸಿಗೆ, ಇನ್ನೊಂದು ಭಾಗ ಆಸ್ಪತ್ರೆಗೆ. ಪ್ರತಿ ಸಲ ನನಗೊಂದು ಕಾಗದ. ಅಷ್ಟರಲ್ಲಿ ನಾಲ್ಕೂ ಕಚೇರಿಗಳ ಟೇಬಲ್ ಮೇಲೆ ಅದೇ 190 ಮೀಟರ್ ಬಂದು ಕೂತಿತ್ತು.

ಉತ್ತರಗಳು ಓದೋ ಹಾಗಿದ್ವು. ನಡಿಗೆ ದಾರಿ ಯಾರ ವಹಿಯಲ್ಲೂ "ನಡಿಗೆ ದಾರಿ" ಅಂತ ಇಲ್ಲ. ಚರಂಡಿ ಅಂತ ನಗರಸಭೆಯಲ್ಲಿದೆ. ದುರಸ್ತಿ ಖರ್ಚು "ಪ್ರತ್ಯೇಕವಾಗಿ ನಮೂದಾಗಿಲ್ಲ". ಟ್ರಾನ್ಸ್‌ಫಾರ್ಮರ್ ಜಾಗಕ್ಕೆ ಆಸ್ಪತ್ರೆಯ ಹಿಂದಿನ ಅಧಿಕಾರಿಯೊಬ್ಬರ ಒಂದು ಪತ್ರ ಇದೆ. ಕಮಾನು ದಾನಿಗಳ ನೆರವಿನಲ್ಲಿ ಕಟ್ಟಿದ್ದು, ಕಡತ ಲಭ್ಯವಿಲ್ಲ.

ಕಡತ ಇಲ್ಲದ ಕಂಬ! ಬಾಳೆಹಣ್ಣಿನವನ ಹತ್ರ ಆದರೆ ಕನಿಷ್ಠ ಸುಂಕದ ಚೀಟಿ ಇತ್ತು.

ಬೆಂಗಳೂರಿನಲ್ಲಿ ಇರೋರು ಕೇಳಬಹುದು, ಸರಿಯಾಗಿ ಮಾಡೋಕೆ ನಮ್ಮವರಿಗೆ ಬರಲ್ವಾ ಅಂತ. ಬರುತ್ತೆ. ಸೇಂಟ್ ಮಾರ್ಕ್ಸ್ ರಸ್ತೆ, ವಿಠ್ಠಲ್ ಮಲ್ಯ ರಸ್ತೆ ಕಡೆ ನಡೆದಿದ್ದೀರಲ್ಲ? ಟೆಂಡರ್ ಶೂರ್ ಅಂತ ಮಾಡಿದ ರಸ್ತೆಗಳು. ಅಲ್ಲಿ ಮೊದಲು ನೆಲದಡಿಯ ಪೈಪು, ಕೇಬಲ್, ಚರಂಡಿ ಎಲ್ಲಕ್ಕೂ ಒಂದೇ ನಕ್ಷೆಯಲ್ಲಿ ಜಾಗ ಮಾಡಿದ್ರು, ಮೇಲೆ ಅಗಲವಾದ ಫುಟ್‌ಪಾತ್ ಬಂತು. ಆ ಫುಟ್‌ಪಾತ್ ಮೇಲೂ ಸಂಜೆ ಹೊತ್ತು ಡೆಲಿವರಿ ಬೈಕು ಓಡುತ್ತೆ, ನನ್ನ ಮೊಣಕೈಗೆ ಒಮ್ಮೆ ತಾಗಿದೆ, ಅದು ಬಿಡಿ. ಖರ್ಚು ಜಾಸ್ತಿ, ಬರೀ ಸಿಟಿ ಮಧ್ಯಕ್ಕೆ ಯಾಕೆ ಅನ್ನೋ ಟೀಕೆಯೂ ನ್ಯಾಯವಾದದ್ದೇ. ಜಿಲ್ಲಾ ಕೇಂದ್ರದಲ್ಲಿ ಅಷ್ಟು ದುಡ್ಡು ಸುರಿಯಿರಿ ಅಂತ ನಾನೂ ಕೇಳ್ತಿಲ್ಲ. ಊರಿನ ಎಲ್ಲ ಬೀದಿಯೂ ಬೇಡ. ಆಸ್ಪತ್ರೆ, ಶಾಲೆ, ತಾಲ್ಲೂಕು ಕಚೇರಿ, ಕೋರ್ಟು, ಗ್ರಂಥಾಲಯ. ಗೇಟಿನಿಂದ ಹತ್ತಿರದ ಬಸ್ ಸ್ಟಾಪ್ ತನಕ. ಒಳಗೆ ರ್‍ಯಾಂಪ್ ಕಟ್ಟೋ ಎಸ್ಟಿಮೇಟಿನಲ್ಲೇ ಈ ದಾರಿಯನ್ನೂ ಸೇರಿಸಿ ಬರೆದರೆ ಸಾಕು. ಯಾರ ದುಡ್ಡು, ಯಾರ ಸಹಿ ಅನ್ನೋದನ್ನ ಜಿಲ್ಲಾಧಿಕಾರಿ ಒಂದು ಸಭೆಯಲ್ಲಿ ತೀರ್ಮಾನಿಸಬಹುದು.

2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತ ಪಾದಚಾರಿಗಳು 32,825 ಜನ ಅಂತ ಕೇಂದ್ರ ಸಾರಿಗೆ ಸಚಿವಾಲಯದ ವರದಿ ಹೇಳುತ್ತೆ. ಅವರಲ್ಲಿ ಎಷ್ಟು ಜನ ಫುಟ್‌ಪಾತ್ ಇಲ್ಲದ್ದಕ್ಕೆ ರಸ್ತೆಗೆ ಇಳಿದವರೋ. ಆ ಸಂಖ್ಯೆ ಓದಿದಾಗೆಲ್ಲ ನನಗೆ ಆ ಬಸ್ಸಿನ ಹಾರ್ನ್ ಕೇಳಿಸುತ್ತೆ.

ನಮ್ಮ ಆಸ್ಪತ್ರೆ ಮುಂದೆ ಏನಾಯ್ತು ಅಂತ ಹೇಳಿಬಿಡ್ತೀನಿ. ಆ ಎಂಜಿನಿಯರ್, ಡ್ರೈನ್ ಕವರ್ ಅಂದವರು, ಸೆಪ್ಟೆಂಬರಿನಲ್ಲಿ ತಾವಾಗೇ ಫೋನ್ ಮಾಡಿದ್ರು. ಹೂಳೆತ್ತುವ ಕೆಲಸದ ಜೊತೆಗೆ ಮೂರು ಹೊಸ ಚಪ್ಪಡಿ ಹಾಕಿಸಿದ್ದೀನಿ, ಎರಡು ತುದಿಗೂ ಸಿಮೆಂಟಿನ ಇಳಿಜಾರು ಮಾಡಿಸಿದ್ದೀನಿ ಅಂದ್ರು. ನಾನು ಇಳಿಜಾರಿನ ಅಳತೆ ಕೇಳಿದೆ, ಒಂದು ಅಡಿ ಏರೋಕೆ ಹನ್ನೆರಡು ಅಡಿ ಉದ್ದ ಇರಬೇಕಲ್ವಾ ಅಂತ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಷ್ಟು ಜಾಗ ಇಲ್ಲ ಮೇಡಂ, ಇರೋದ್ರಲ್ಲಿ ಮಾಡಿದ್ದೀನಿ" ಅಂದ್ರು. ಥ್ಯಾಂಕ್ಸ್ ಹೇಳಿದೆ. ನಿಜವಾಗಿಯೂ ಹೇಳಿದೆ. ಓಮ್ನಿ ಹೋಗಿದೆ, ಎಲ್ಲಿಗೆ ಅಂತ ಗೊತ್ತಿಲ್ಲ, ಗಿಡದ ಸಮೇತ ಹೋಗಿದೆ. ಇಡ್ಲಿ ಅಕ್ಕ ಹದಿನೈದು ದಿನ ಬಿಟ್ಟು ದಂಡ ಕಟ್ಟಿ ಗಾಡಿ ಬಿಡಿಸಿಕೊಂಡು ಬಂದ್ರು. ಈಗ ಕಾಂಪೌಂಡಿಗೆ ಒತ್ತಿ, ನಡೆಯೋಕೆ ಜಾಗ ಬಿಟ್ಟು ನಿಲ್ಲಿಸ್ತಾರೆ. ಊರಿಗೆ ಹೋದಾಗ ಹೋಗಿ ದಂಡದ ದುಡ್ಡು ಕೊಡೋಕೆ ನೋಡಿದೆ. ತಗೊಳ್ಳಲಿಲ್ಲ. ದೂರು ಕೊಟ್ಟಿದ್ದು ನಾನೇ ಅಂತ ಹೇಳಿದಾಗ, "ಗೊತ್ತು ಬಿಡವ್ವ, ನಿಮ್ಮಪ್ಪ ಹೇಳಿದ್ರು" ಅಂದ್ರು.

ಟ್ರಾನ್ಸ್‌ಫಾರ್ಮರ್ ಅಲ್ಲೇ ಇದೆ. ಕಂಬವೂ.

ಕಾರ್ಡ್ ಬಂತು, ಪಾಸ್ ಆಯ್ತು. ಪಾಸ್ ಶರ್ಟಿನ ಜೇಬಿನಲ್ಲೇ ಇರ್ತಿತ್ತು, ಆದರೆ ಫಿಸಿಯೋಥೆರಪಿಗೆ ಅಮ್ಮನ ಜೊತೆ ಆಟೋದಲ್ಲೇ ಹೋಗ್ತಿದ್ರು. ಹೋದ ಗುರುವಾರ ಮಧ್ಯಾಹ್ನ ನಾನು ಮೀಟಿಂಗಿನಲ್ಲಿದ್ದಾಗ ಅವರ ಫೋನ್ ಬಂತು. ಗಾಬರಿಯಾಗಿ ಹೊರಗೆ ಬಂದು ಎತ್ತಿದೆ.

"ಇವತ್ತು ಒಬ್ಬನೇ ಹೋಗಿದ್ದೆ. ನಿಮ್ಮಮ್ಮನಿಗೆ ಹೇಳಬೇಡ."

ಎಷ್ಟು ಹೊತ್ತು ಹಿಡೀತು ಅಪ್ಪ?

"ಹದಿನೆಂಟು ನಿಮಿಷ. ಮಧ್ಯ ಎರಡು ಇಡ್ಲಿ ತಿಂದೆ, ಅದೂ ಸೇರಿ. ನಾಲ್ಕು ಸಲ ಇಳೀಬೇಕು ಈಗ." ಸ್ವಲ್ಪ ಉಸಿರು ತಗೊಂಡು, "ಆ ಟ್ರಾನ್ಸ್‌ಫಾರ್ಮರ್‌ದು ಇನ್ನೊಂದು ಅರ್ಜಿ ಹಾಕು. ಹತ್ತು ರೂಪಾಯಿ ನಾನೇ ಕೊಡ್ತೀನಿ" ಅಂದ್ರು.